ನಂದಿ ಬೆಟ್ಟದ ಪೇಷಂಟ್

ಕಳೆದ ಸೆಮ್ ಮುಗಿದ ಮಾರನೇ ದಿನ ನಾವು ಆರು ಜನ ಮೂರು ಬೈಕಲ್ಲಿ ನಂದಿ ಬೆಟ್ಟಕ್ಕೆ ಹೋಗಿದ್ವಿ. ಹಿಂದಿನ ರಾತ್ರಿ ಯಾರೂ ಮಲಗಿರಲಿಲ್ಲ. ಬೆಳಗಿನ ಜಾವ ಗೇಟ್ ಮುಂದೆ ಕ್ಯೂ, ಮೇಲೆ ಹೋದರೆ ಬರೀ ಮಂಜು, ಸನ್‌ರೈಸ್ ಕಾಣಲೇ ಇಲ್ಲ. ಕಾಫಿ ಕುಡಿದು ಸುಮ್ಮನೆ ಸುತ್ತಾಡುವಾಗ ಒಂದು ಹಳೇ ಬಂಗಲೆ ಕಣ್ಣಿಗೆ ಬಿತ್ತು. ಗಾಂಧಿ ನಿಲಯ. ಒಬ್ಬ ಅದರ ಮುಂದೆ ಸೆಲ್ಫಿ ತಗೊಂಡ, ಇನ್ನೊಬ್ಬ ಗಾಂಧಿ ಇಲ್ಲಿಗೂ ಟ್ರಿಪ್ ಬಂದಿದ್ರಾ ಅಂತ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ನನಗೂ.

ವಾಪಸ್ ಬಂದ ಮೇಲೆ ಲೈಬ್ರರಿಯಲ್ಲಿ ಹುಡುಕಿದೆ. ಗಾಂಧೀಜಿ ಅಲ್ಲಿಗೆ ಬಂದಿದ್ದು ಟ್ರಿಪ್‌ಗೆ ಅಲ್ಲ, ಸತ್ಯಾಗ್ರಹಕ್ಕೂ ಅಲ್ಲ, ಪೇಷಂಟ್ ಆಗಿ. ಅದೂ ಎರಡು ಸಲ, 1927ರಲ್ಲಿ ಮತ್ತು 1936ರಲ್ಲಿ. ಎರಡು ಸಲವೂ ಕಾರಣ ಒಂದೇ: ಬಿ.ಪಿ.

ನನಗೆ ಈ ವಿಷಯ ಹತ್ತಿರ ಆಗೋಕೆ ಇನ್ನೊಂದು ಕಾರಣ ಇದೆ. ನಮ್ಮ ತಾತ ಮೂವತ್ತು ವರ್ಷ ಬಸ್ ಡ್ರೈವರ್ ಆಗಿದ್ದವರು. ಹೋದ ವರ್ಷ ಅವರು ತೋಟದಲ್ಲಿ ತಲೆ ಸುತ್ತಿ ಬಿದ್ದರು. ಬಿ.ಪಿ. ಜಾಸ್ತಿ ಆಗಿದೆ, ಒಂದು ತಿಂಗಳು ರೆಸ್ಟ್ ಅಂದರು ಡಾಕ್ಟ್ರು. ಮೂರನೇ ದಿನ ತಾತ ಮತ್ತೆ ತೋಟದಲ್ಲಿದ್ದರು. ಮಾತ್ರೆ ನುಂಗುತ್ತಾರೆ, ಉಪ್ಪಿನಕಾಯಿ ಬಿಟ್ಟಿದ್ದಾರೆ, ಬೆಳಗ್ಗೆ ವಾಕಿಂಗ್ ಹೋಗುತ್ತಾರೆ. ಸುಮ್ಮನೆ ಕೂರುವುದು ಮಾತ್ರ ಅವರ ಕೈಲಿ ಆಗಲ್ಲ. ಗಾಂಧೀಜಿಯ 1927ನೇ ಇಸವಿಯ ಕಥೆ ಓದುವಾಗ ನಂಗೆ ಪದೇ ಪದೇ ತಾತನೇ ನೆನಪಾಗುತ್ತಿದ್ದರು.

ಗಾಂಧೀಜಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು. ಅಂದರೆ 1927ರ ಬೇಸಿಗೆಯಲ್ಲಿ ಅವರಿಗೆ 57 ವರ್ಷ. ಫೋಟೋಗಳಲ್ಲಿ ನೋಡಿದರೆ ಅದಕ್ಕಿಂತ ವಯಸ್ಸಾದವರ ಥರ ಕಾಣುತ್ತಾರೆ. ಆ ದೇಹ ಅಷ್ಟೊತ್ತಿಗೆ ಏನೇನು ಕಂಡಿತ್ತು ಅಂತ ಸ್ವಲ್ಪ ಹೇಳಬೇಕು.

1918ರಲ್ಲಿ, ಖೇಡಾ ಜಿಲ್ಲೆಯ ಓಡಾಟದ ನಂತರ ಅವರಿಗೆ ಭಯಂಕರ ಆಮಶಂಕೆ ಆಯ್ತು. ಕಡಲೆಕಾಯಿ ಬೆಣ್ಣೆ, ನಿಂಬೆಹಣ್ಣು ಅಂತ ತಮ್ಮದೇ ಪ್ರಯೋಗದಲ್ಲಿದ್ದವರು, ಹಬ್ಬದ ದಿನ ಕಸ್ತೂರಬಾ ಮಾಡಿದ್ದ ಸಿಹಿ ಗೋಧಿ ಗಂಜಿಯ ಆಸೆಗೆ ಬಿದ್ದು ಹೊಟ್ಟೆ ತುಂಬ ತಿಂದುಬಿಟ್ಟಿದ್ದರು. ಇದನ್ನು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಸತ್ತೇ ಹೋಗುತ್ತೇನೆ ಅಂದುಕೊಳ್ಳುವಷ್ಟು ನಿತ್ರಾಣ. ಔಷಧಿ ಬೇಡ, ಇಂಜೆಕ್ಷನ್ ಬೇಡ, ಹಾಲೂ ಬೇಡ, ಯಾಕಂದರೆ ಹಾಲು ಕುಡಿಯಲ್ಲ ಅಂತ ವ್ರತ. ಮೈಗೆಲ್ಲ ಐಸ್ ಇಟ್ಟು ವಾಸಿ ಮಾಡುತ್ತೇನೆ ಅಂತ ಬಂದ ಒಬ್ಬರಿಗೆ ಮಾತ್ರ ಒಪ್ಪಿಗೆ ಸಿಕ್ಕಿತು! ಕೊನೆಗೆ ದಾರಿ ತೋರಿಸಿದ್ದು ಕಸ್ತೂರಬಾ. ವ್ರತ ಮಾಡುವಾಗ ಮನಸ್ಸಲ್ಲಿ ಇದ್ದದ್ದು ಹಸು, ಎಮ್ಮೆ ಹಾಲು ತಾನೆ, ಮೇಕೆ ಹಾಲಿಗೆ ಏನು ಅಡ್ಡಿ ಅಂತ ಅವರು ಕೇಳಿದರು. ಬದುಕುವ ಆಸೆಗೆ ಗಾಂಧೀಜಿ ಒಪ್ಪಿದರು. ಆದರೆ ವ್ರತದ ಅಕ್ಷರ ಉಳಿಸಿ ಅರ್ಥ ಕೊಂದೆ ಅನ್ನುವ ಕೊರಗು ಅವರಿಗೆ ಹೋಗಲಿಲ್ಲ. ನನ್ನ ಪ್ರಕಾರ ಇಡೀ ಆಶ್ರಮದಲ್ಲಿ ಪ್ರಾಕ್ಟಿಕಲ್ ಆಗಿ ಯೋಚಿಸುತ್ತಿದ್ದವರು ಕಸ್ತೂರಬಾ.

1924ರ ಜನವರಿ 12ರಂದು ಅಪೆಂಡಿಸೈಟಿಸ್ ಆಪರೇಷನ್. ಆಗ ಅವರು ಯರವಾಡ ಜೈಲಿನ ಕೈದಿ. ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಕ್ ಅನ್ನೋ ಇಂಗ್ಲಿಷ್ ಸರ್ಜನ್ ಚಾಕು ಹಿಡಿದಿದ್ದರು. ಆಪರೇಷನ್ ನಡೀತಿರುವಾಗಲೇ ಗುಡುಗು ಮಳೆ ಬಂದು ಕರೆಂಟ್ ಹೋಯ್ತು. ಟಾರ್ಚ್ ಹಿಡಿದರು, ಅದೂ ಕೈಕೊಟ್ಟಿತು. ಕೊನೆಗೆ ಲಾಟೀನು ಬೆಳಕಲ್ಲಿ ಹೊಲಿಗೆ ಹಾಕಿ ಮುಗಿಸಿದರು. ಇಇಇ ಬ್ರಾಂಚಿನವರು ಬ್ಯಾಕಪ್ ಪವರ್ ಬಗ್ಗೆ ಸೆಮಿನಾರ್ ಕೊಡುವಾಗ ಇದನ್ನ ಮೊದಲನೇ ಸ್ಲೈಡ್ ಮಾಡ್ಕೋಬಹುದು. ಅದೇ ವರ್ಷ ಸೆಪ್ಟೆಂಬರಲ್ಲಿ, ಹೊಟ್ಟೆಯ ಗಾಯ ಆರಿ ಇನ್ನೂ ವರ್ಷ ಆಗದ ಮನುಷ್ಯ, ಹಿಂದೂ ಮುಸ್ಲಿಂ ಗಲಭೆಗಳಿಗೆ ನೊಂದು ದಿಲ್ಲಿಯಲ್ಲಿ 21 ದಿನ ಉಪವಾಸ ಮಾಡಿದರು.

1926ರಲ್ಲಿ ಒಂದು ವರ್ಷ ಸಾಬರಮತಿ ಆಶ್ರಮದಲ್ಲೇ ಇದ್ದರು. ವರ್ಷದ ಕೊನೆಗೆ ಮತ್ತೆ ಹೊರಟರು. ಖಾದಿಗೆ ಹಣ ಸೇರಿಸಲು ಬಿಹಾರ, ಮಹಾರಾಷ್ಟ್ರ ಅಂತ ಊರಿಂದ ಊರಿಗೆ, ರೈಲು, ಒಂದೇ ದಿನ ಹಲವು ಸಭೆ, ಮೈಕ್ ಇಲ್ಲದ ಕಾಲದಲ್ಲಿ ಸಾವಿರಾರು ಜನರ ಮುಂದೆ ಮಾತು. 1927ರ ಮಾರ್ಚ್ 25ರಂದು ಕೊಲ್ಹಾಪುರದಲ್ಲಿ ದೇಹ ಇನ್ನು ಆಗಲ್ಲ ಅಂದುಬಿಟ್ಟಿತು. ಸಣ್ಣ ಪ್ರಮಾಣದ ಪಾರ್ಶ್ವವಾಯು ಆಗಿರಬಹುದು ಅಂತ ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಆದರೂ ಅಲ್ಲಿಂದ ನಿಪ್ಪಾಣಿ, ಬೆಳಗಾವಿ ಕಡೆ ಬಂದರು. ಅಲ್ಲಿಗೆ ನಿಂತಿತು ಪ್ರವಾಸ. ಮಿಸ್ ಸ್ಲೇಡ್, ಅಂದರೆ ಮೀರಾಬೆನ್‌ಗೆ ಬರೆದ ಪತ್ರದಲ್ಲಿ ಅವರು ತಮ್ಮನ್ನು ಕೆಸರಲ್ಲಿ ಹೂತ ಗಾಡಿಗೆ ಹೋಲಿಸಿಕೊಂಡಿದ್ದಾರೆ. ಇವತ್ತು ಹೂತಿರುವ ಗಾಡಿ ನಾಳೆ ರಿಪೇರಿಯೇ ಆಗದಷ್ಟು ಮುರಿಯಬಹುದು ಅನ್ನೋದೂ ಅವರಿಗೆ ಗೊತ್ತಿತ್ತು.

ಈಗ ಇಲ್ಲೊಂದು ಟೆಕ್ನಿಕಲ್ ವಿಷಯ. ಬಿ.ಪಿ. ಅಳೆಯುವ ಉಪಕರಣ ಆಗಲೇ ಬಂದಿತ್ತು. ತೋಳಿಗೆ ಸುತ್ತುವ ಪಟ್ಟಿಯನ್ನು 1896ರಲ್ಲಿ ಇಟಲಿಯ ರಿವಾ ರೋಚಿ ಕೊಟ್ಟ. ಸ್ಟೆತಾಸ್ಕೋಪಲ್ಲಿ ಕೇಳುವ ಟಪ್ ಟಪ್ ಸದ್ದಿಂದ ಮೇಲಿನ, ಕೆಳಗಿನ ಎರಡೂ ರೀಡಿಂಗ್ ತೆಗೆಯುವ ವಿಧಾನವನ್ನು 1905ರಲ್ಲಿ ರಷ್ಯಾದ ಕೊರೊಟ್ಕೋವ್ ಹೇಳಿದ. ಅಂದರೆ ಅಳೆಯಲು ಬರ್ತಿತ್ತು, ಇಳಿಸಲು ಬರ್ತಿರಲಿಲ್ಲ. ಇವತ್ತು ನಮ್ಮ ತಾತ ನುಂಗುವಂಥ ಮಾತ್ರೆಗಳು ಶುರುವಾಗಿದ್ದೇ 1950ರ ದಶಕದಲ್ಲಿ. ಹಾಗಾಗಿ 1927ರ ಡಾಕ್ಟ್ರ ಹತ್ತಿರ ಇದ್ದ ಔಷಧಿ ಅಂದರೆ ತಂಪು ಜಾಗ, ಹಿತಮಿತ ಊಟ, ನಿದ್ದೆ, ಮತ್ತೆ ಕೆಲಸ ಬಂದ್. ಸೆನ್ಸರ್ ಇದೆ, ಕಂಟ್ರೋಲರ್ ಇಲ್ಲ ಅಂತೀವಲ್ಲ, ಹಾಗೆ.

ಮೊದಲು ಬೆಳಗಾವಿಗೆ ಹತ್ತಿರದ ಅಂಬೋಲಿ ಘಟ್ಟದಲ್ಲಿ ಇಟ್ಟರು. ಕರ್ನಾಟಕ ಕೇಸರಿ ಅಂತ ಕರೆಸಿಕೊಂಡ ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ, ಮದ್ರಾಸಿನ ಕಡೆಯಿಂದ ರಾಜಾಜಿ, ಸೆಕ್ರೆಟರಿ ಮಹದೇವ ದೇಸಾಯಿ ಇವರೆಲ್ಲ ಸೇರಿ ಏಪ್ರಿಲ್ ಮೂರನೇ ವಾರದಲ್ಲಿ ನಂದಿಗೆ ಕರ್ಕೊಂಡು ಬಂದರು. ಆಗ ನಂದಿ ಮೈಸೂರು ಸಂಸ್ಥಾನದ ಜಾಗ. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. ಬ್ರಿಟಿಷರು ಜೈಲಿಗೆ ಹಾಕಿದ್ದ ಮನುಷ್ಯನನ್ನು ಬ್ರಿಟಿಷರ ಕೆಳಗಿದ್ದ ಸಂಸ್ಥಾನ ಅತಿಥಿ ಥರ ನೋಡಿಕೊಂಡಿತು. ಸುಮಾರು 1,478 ಮೀಟರ್ ಎತ್ತರದ ಆ ಬೆಟ್ಟಕ್ಕೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ನಡೆಯುವುದನ್ನೇ ಜೀವನದ ಅರ್ಧ ಮಾಡಿಕೊಂಡಿದ್ದವರಿಗೆ, ಬೇರೆಯವರ ಹೆಗಲ ಮೇಲೆ ಹೋಗುವಾಗ ಹೇಗನ್ನಿಸಿರಬಹುದು?

ಜೂನ್ ಮೊದಲ ವಾರದವರೆಗೂ, ಅಂದರೆ ಹೆಚ್ಚು ಕಡಿಮೆ ಒಂದೂವರೆ ತಿಂಗಳು, ಅಲ್ಲೇ ಇದ್ದರು.

ಊಟದ ಪಥ್ಯ ಅವರಿಗೆ ಕಷ್ಟವೇ ಅಲ್ಲ. 1915ರಲ್ಲಿ ಹರಿದ್ವಾರದ ಕುಂಭಮೇಳದಲ್ಲಿ, ದಿನಕ್ಕೆ ಐದು ಪದಾರ್ಥಕ್ಕಿಂತ ಹೆಚ್ಚು ತಿನ್ನಲ್ಲ, ಕತ್ತಲಾದ ಮೇಲೆ ತಿನ್ನಲ್ಲ ಅಂತ ವ್ರತ ಮಾಡಿದ್ದರು. ಉಪ್ಪು, ಖಾರ, ಎಣ್ಣೆಯ ತಂಟೆ ಮೊದಲೇ ಇರಲಿಲ್ಲ. ಮೇಕೆ ಹಾಲು, ಹಣ್ಣು ಇದ್ದರೆ ಸಾಕು. ಬೆಳಗ್ಗೆ ನಾಲ್ಕಕ್ಕೆ ಏಳುವುದು, ಪ್ರಾರ್ಥನೆ, ಇವೂ ಅಭ್ಯಾಸವೇ. (ನಮ್ಮ ಹಾಸ್ಟೆಲಲ್ಲಿ ನಾಲ್ಕು ಗಂಟೆ ಅನ್ನೋದು ಮಲಗುವ ಹೊತ್ತು.) ಸೋಮವಾರ ಮೌನ. ಅದೂ ಹಳೇ ರೂಢಿ.

ಕಷ್ಟ ಆಗಿದ್ದು ಉಳಿದ ಆರು ದಿನ. ಇಪ್ಪತ್ತೊಂದು ದಿನ ಊಟ ಬಿಡಬಲ್ಲವರಿಗೆ ಇಪ್ಪತ್ತೊಂದು ದಿನ ಕೆಲಸ ಬಿಡಲು ಬರುತ್ತಿರಲಿಲ್ಲ. ನೋಡಿ ಏನೇನು ತಲೆಮೇಲಿತ್ತು ಅಂತ. ಗುಜರಾತಿಯಲ್ಲಿ ನವಜೀವನ, ಇಂಗ್ಲಿಷಲ್ಲಿ ಯಂಗ್ ಇಂಡಿಯಾ, ಎರಡು ವಾರಪತ್ರಿಕೆ. ನವಜೀವನದಲ್ಲಿ 1925ರ ನವೆಂಬರಿಂದ ಆತ್ಮಕಥೆ ವಾರಕ್ಕೊಂದು ಅಧ್ಯಾಯದಂತೆ ಬರ್ತಿತ್ತು. ಇವತ್ತು ಪುಸ್ತಕವಾಗಿ ಸಿಗುವ ಆ ಆತ್ಮಕಥೆ ಡೆಡ್‌ಲೈನ್ ಇಟ್ಟುಕೊಂಡು ಬರೆದ ಕಂತುಗಳು. ಬೆಟ್ಟದ ಮೇಲಿದ್ದಾಗಲೂ ಕಂತು ತಪ್ಪಲಿಲ್ಲ. ಆಶ್ರಮದ ಹೆಂಗಸರಿಗೆ ವಾರ ವಾರ ಪತ್ರ ಹೋಗಬೇಕು. ಆ ವರ್ಷದ ಕಾಂಗ್ರೆಸ್ ಅಧ್ಯಕ್ಷರು ಯಾರಾಗಬೇಕು ಅನ್ನೋ ಪತ್ರಗಳೂ ಬೆಟ್ಟ ಹತ್ತಿ ಬರ್ತಿದ್ವು. ಬಲಗೈ ಸೋತರೆ ಎಡಗೈಲಿ ಬರೆಯೋದು ಅವರಿಗೆ ಬರ್ತಿತ್ತು. 1909ರಲ್ಲಿ ಹಡಗಿನಲ್ಲಿ ಹಿಂದ್ ಸ್ವರಾಜ್ ಬರೆಯುವಾಗ ಹಾಗೇ ಮಾಡಿದ್ದರು. ಎರಡೂ ಕೈ ನಡೆಯುವ ಮನುಷ್ಯನಿಗೆ ರೆಸ್ಟ್ ಕೊಡಿಸೋದು ಹೇಗೆ ಹೇಳಿ?

ಮತ್ತೆ ಚರಕ. ದಿನಾ ನೂಲದೆ ಇರೋ ಹಾಗಿಲ್ಲ. ಅದು ಕೆಲಸ ಅಲ್ಲ, ಅದರಿಂದಲೇ ಮನಸ್ಸಿಗೆ ವಿಶ್ರಾಂತಿ ಅನ್ನೋದು ಅವರ ವಾದ. ಇದು ನಂಗೆ ಹಠ ಅಂತ ಅನ್ನಿಸಿತ್ತು, ಆಮೇಲೆ ಅಭಿಪ್ರಾಯ ಬದಲಾಯ್ತು. ವರ್ಕ್‌ಶಾಪಲ್ಲಿ ಫೈಲಿಂಗ್ ಮಾಡುವಾಗ ಅರ್ಧ ಗಂಟೆ ಕಳೆದರೆ ತಲೆಯಲ್ಲಿ ಏನೂ ಓಡಲ್ಲ, ಕೈ ಮಾತ್ರ ಓಡುತ್ತೆ. ಬಹುಶಃ ಅಂಥದ್ದೇ.

ನಿಧಾನವಾಗಿ ಒಂದು ದಿನಚರಿ ಕೂಡಿ ಬಂತು. ಸ್ವಲ್ಪ ಬರಹ, ಉಳಿದದ್ದು ಹೇಳಿ ಬರೆಸುವುದು, ಮಧ್ಯೆ ಮಲಗುವುದು, ಬೆಟ್ಟದ ಮೇಲೇ ಸಣ್ಣ ನಡಿಗೆ, ಸಂಜೆ ಪ್ರಾರ್ಥನೆ. ಭಾಷಣ ಇಲ್ಲ, ಜನಜಂಗುಳಿ ಇಲ್ಲ. ಮೊದಲೇ ಗೊತ್ತಾಗಿದ್ದ ದಕ್ಷಿಣದ ಪ್ರವಾಸ ಮುಂದಕ್ಕೆ ಹೋಯ್ತು. ಮೇ ತಿಂಗಳಲ್ಲಿ ಕೆಳಗೆ ಊರೆಲ್ಲ ಕಾದ ಹೆಂಚಾಗಿದ್ದರೆ ನಂದಿಯಲ್ಲಿ ಶಾಲು ಹೊದ್ದು ಕೂರುವ ಗಾಳಿ. ದೇಹ ಚೇತರಿಸಿಕೊಂಡಿದ್ದು ಒಂದು ಔಷಧಿಯಿಂದ ಅಲ್ಲ, ಈ ಏನೂ ಆಗದ ದಿನಗಳಿಂದ.

ಜೂನ್ 5ರಂದು ಬೆಂಗಳೂರಿಗೆ ಇಳಿದು ಬಂದರು. ಕುಮಾರಪಾರ್ಕಿನಲ್ಲಿ ಬಿಡಾರ. ಇಲ್ಲೂ ವಿಶ್ರಾಂತಿ ಅಂತಲೇ ಹೆಸರು. ಆದರೆ ಸ್ವಲ್ಪ ಶಕ್ತಿ ಬಂದ ಕೂಡಲೇ ಗಾಂಧೀಜಿ ಮಾಡಿದ್ದೇನು ಗೊತ್ತಾ, ಕ್ಲಾಸಿಗೆ ಸೇರಿದ್ದು. ಆಡುಗೋಡಿಯಲ್ಲಿ ಆಗ ಸರ್ಕಾರದ ಇಂಪೀರಿಯಲ್ ಡೇರಿ ಇತ್ತು (ಇವತ್ತಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ). ವಿಲಿಯಂ ಸ್ಮಿತ್ ಅನ್ನೋ ತಜ್ಞರ ಹತ್ತಿರ ಕೆಲವು ದಿನ ಹೋಗಿ ಹಸು ಸಾಕಣೆ, ಹಾಲಿನ ಲೆಕ್ಕ ಕಲಿತರು. ಅಲ್ಲಿನ ರಿಜಿಸ್ಟರಿನಲ್ಲಿ ಉದ್ಯೋಗ ಅನ್ನೋ ಕಡೆ ಸಾಬರಮತಿಯ ರೈತ ಅಂತ ಬರೆದರು. 57 ವಯಸ್ಸು, ಎದ್ದು ಓಡಾಡುತ್ತಾ ಎರಡು ತಿಂಗಳೂ ಆಗಿಲ್ಲ, ಹೊಸ ಕೋರ್ಸ್! ಅಟೆಂಡೆನ್ಸ್ ಶಾರ್ಟೇಜ್ ಇರೋ ನಾವು ತಲೆ ತಗ್ಗಿಸಬೇಕು.

ಜುಲೈ 12ರಂದು ಟಾಟಾ ಇನ್ಸ್ಟಿಟ್ಯೂಟ್, ಅಂದರೆ ಇವತ್ತಿನ ಐಐಎಸ್‌ಸಿಗೆ ಹೋಗಿ ವಿದ್ಯಾರ್ಥಿಗಳ ಜೊತೆ ಮಾತಾಡಿದರು. ಈ ದೊಡ್ಡ ಲ್ಯಾಬುಗಳ ಹಣ ಟಾಟಾ ಅವರ ಜೇಬಿಂದಷ್ಟೇ ಬಂದಿಲ್ಲ, ಹಳ್ಳಿಯವರ ಬೆವರಿಂದಲೂ ಬಂದಿದೆ, ಅವರನ್ನು ಮರೀಬೇಡಿ ಅನ್ನೋದು ಆ ಮಾತಿನ ಸಾರ. ಆಗಸ್ಟಲ್ಲಿ ಭದ್ರಾವತಿಗೆ ಹೋಗಿ ಕಬ್ಬಿಣದ ಕಾರ್ಖಾನೆ ನೋಡಿದರು, ವಿಶ್ವೇಶ್ವರಯ್ಯನವರ ಕೆಲಸವನ್ನು ಮೆಚ್ಚಿ ಮಾತಾಡಿದರು. ಯಂತ್ರದ ವಿರೋಧಿ ಅಂತ ನಾವು ಸುಲಭವಾಗಿ ಹೇಳಿಬಿಡುವ ಮನುಷ್ಯ ಅಲ್ಲಿ ನಿಂತು ಮೆಚ್ಚಿದ್ದು ನಂಗೆ ಆಶ್ಚರ್ಯ. ಆಗಸ್ಟ್ ಕೊನೆಗೆ ತಮಿಳುನಾಡಿನ ಪ್ರವಾಸಕ್ಕೆ ಹೊರಟರು. ಬೇಸಿಗೆಯಲ್ಲಿ ನಿಂತಿದ್ದ ಗಾಡಿ ಮಳೆಗಾಲದಲ್ಲಿ ಮತ್ತೆ ರೋಡಿಗೆ ಬಂತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. 1929ರಲ್ಲಿ ಬೇಯಿಸದ ಹಸಿ ಧಾನ್ಯ, ಹಸಿ ತರಕಾರಿ ಮಾತ್ರ ತಿನ್ನುವ ಪ್ರಯೋಗಕ್ಕೆ ಇಳಿದರು. ಹೊಟ್ಟೆ ಕೆಟ್ಟು, ಆಮಶಂಕೆ ಆಗಿ, ಕೆಲವೇ ತಿಂಗಳಲ್ಲಿ ಬಿಡಬೇಕಾಯ್ತು. ಸೋತಿದ್ದನ್ನೂ ಪತ್ರಿಕೆಯಲ್ಲಿ ಬರೆದರು. ಅವರ ಆರೋಗ್ಯದ ವಿಚಾರಗಳೆಲ್ಲ ಸರಿ ಅಂತ ನಾನು ಹೇಳಲ್ಲ. ಮಣ್ಣಿನ ಪಟ್ಟಿಯಿಂದ ಎಲ್ಲ ವಾಸಿ ಆಗಲ್ಲ, ದಯವಿಟ್ಟು ಯಾರೂ ಹಾಸ್ಟೆಲಲ್ಲಿ ಟ್ರೈ ಮಾಡಬೇಡಿ. ಆದರೆ ಫೇಲ್ ಆದ ರೀಡಿಂಗನ್ನೂ ರೆಕಾರ್ಡಲ್ಲಿ ಬರೆಯುವ ಗುಣ ಇದೆಯಲ್ಲ, ಅದು ನಮ್ಮ ಲ್ಯಾಬಲ್ಲಿ ಎಷ್ಟು ಜನಕ್ಕಿದೆ?

1935ರ ಡಿಸೆಂಬರಲ್ಲಿ ವಾರ್ಧಾದಲ್ಲಿ ಮತ್ತೆ ಬಿ.ಪಿ. ಏರಿ ಮಲಗಿದರು. ಈ ಸಲವೂ ತಿಂಗಳುಗಟ್ಟಲೆ ವಿಶ್ರಾಂತಿ. 1936ರ ಮೇ ತಿಂಗಳಲ್ಲಿ ಮತ್ತೆ ನಂದಿಗೆ ಬಂದರು, ಜೊತೆಗೆ ಸರ್ದಾರ್ ಪಟೇಲ್. ಈಗ ವಯಸ್ಸು 66. ಒಂಬತ್ತು ವರ್ಷದ ಹಿಂದೆ ಕುರ್ಚಿಯಲ್ಲಿ ಹೊತ್ತುಕೊಂಡು ಹೋಗಿದ್ದ ಬೆಟ್ಟವನ್ನ ಈ ಸಲ ನಡೆದೇ ಹತ್ತಿದರು. ನಾನು ಈ ಕಥೆಯಲ್ಲಿ ಎರಡು ಸಲ ಓದಿದ್ದು ಈ ಒಂದು ವಾಕ್ಯವನ್ನು.

ಆ ಮೇ ತಿಂಗಳಲ್ಲೇ ಸಿ.ವಿ. ರಾಮನ್ ಅವರನ್ನು ನೋಡಲು ಬೆಟ್ಟಕ್ಕೆ ಬಂದರು. ನೊಬೆಲ್ ಸಿಕ್ಕಿ ಆರು ವರ್ಷ, ಆಗ ಅವರು ಐಐಎಸ್‌ಸಿಯ ಡೈರೆಕ್ಟರ್. ಜೊತೆಗೆ ರಾಮ್ ಅನ್ನೋ ಯುರೋಪಿನ ಜೀವವಿಜ್ಞಾನಿ. ಆಹಾರ, ನೀರು ಇಲ್ಲದೆ ವರ್ಷಗಟ್ಟಲೆ ಜೀವ ಹಿಡಿದುಕೊಂಡು ಇರಬಲ್ಲ ಪುಟ್ಟ ಜೀವಿಗಳ ಬಗ್ಗೆ ಅವರ ಸಂಶೋಧನೆ. ಉಪವಾಸಕ್ಕೆ ಹೆಸರಾದ ಮನುಷ್ಯನ ಮುಂದೆ ಉಪವಾಸದ ವರ್ಲ್ಡ್ ಚಾಂಪಿಯನ್ ಜೀವಿಯ ತಜ್ಞ! ಆ ಗುಟ್ಟು ಸಿಕ್ಕಿದಾಗ ನನಗೂ ತಿಳಿಸಿ ಅಂತ ಗಾಂಧೀಜಿ ನಕ್ಕರಂತೆ. ನಾವು ಮಂಜಲ್ಲಿ ಸೆಲ್ಫಿ ತೆಗೆದ ಬೆಟ್ಟದ ಮೇಲೆ ಇಂಥ ಮಾತುಕತೆ ನಡೆದಿತ್ತು.

ಬಿ.ಪಿ. ಅವರನ್ನು ಬಿಡಲಿಲ್ಲ. 1940ರ ಫೆಬ್ರವರಿಯ ಒಂದು ದಾಖಲೆಯಲ್ಲಿ 220/110 ಅಂತ ಇದೆ. ಇವತ್ತು ಯಾರಿಗಾದರೂ ಅಷ್ಟು ಬಂದರೆ ಮನೆಯವರು ಸೀದಾ ಎಮರ್ಜೆನ್ಸಿಗೆ ಓಡುತ್ತಾರೆ. ಅವರಿಗೆ ಆಗ 70. ಆಮೇಲೂ ಕ್ವಿಟ್ ಇಂಡಿಯಾ ನಡೆಸಿದರು, ಆಗಾಖಾನ್ ಅರಮನೆಯ ಸೆರೆಯಲ್ಲಿ 1943ರಲ್ಲಿ ಮತ್ತೆ 21 ದಿನ ಉಪವಾಸ ಮಾಡಿದರು. ಆ ಸೆರೆಯಲ್ಲೇ ಆರೋಗ್ಯದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಅಲ್ಲೇ 1944ರ ಫೆಬ್ರವರಿ 22ರಂದು ಕಸ್ತೂರಬಾ ತೀರಿಕೊಂಡರು. ಮೇಕೆ ಹಾಲಿನ ದಾರಿ ತೋರಿಸಿ ಗಂಡನನ್ನು ಉಳಿಸಿಕೊಂಡಿದ್ದವರು. ಕೆಲವೇ ವಾರಗಳಲ್ಲಿ ಗಾಂಧೀಜಿಗೆ ಮಲೇರಿಯಾ ಹಿಡಿಯಿತು, ಮೇ 6ರಂದು ಸರ್ಕಾರ ಬಿಡುಗಡೆ ಮಾಡಿತು.

ಎರಡು ವರ್ಷ ಬಿಟ್ಟು, 1946ರಲ್ಲಿ, ಪುಣೆ ಹತ್ತಿರದ ಉರುಳಿ ಕಾಂಚನದಲ್ಲಿ ಬಡವರಿಗೆ ಅಂತ ಪ್ರಕೃತಿ ಚಿಕಿತ್ಸೆಯ ಕೇಂದ್ರ ಶುರುಮಾಡಿದರು. ಆಮೇಲೆ ನವಾಖಾಲಿ. 77ನೇ ವಯಸ್ಸಲ್ಲಿ, ಗಲಭೆಯಲ್ಲಿ ಸುಟ್ಟ ಹಳ್ಳಿಯಿಂದ ಹಳ್ಳಿಗೆ, ಚಪ್ಪಲಿ ಬಿಟ್ಟು ನಡೆದರು. ನಂದಿಯಲ್ಲಿ ಬೆಟ್ಟದ ಮೇಲಿನ ಸಣ್ಣ ನಡಿಗೆಯಿಂದ ಮತ್ತೆ ಶುರುವಾಗಿದ್ದ ಕಾಲುಗಳು ಅವು. 1948ರ ಜನವರಿ 30ರ ಸಂಜೆ ದಿಲ್ಲಿಯಲ್ಲಿ, ನಂದಿಗೆ ಜೊತೆಗೆ ಬಂದಿದ್ದ ಅದೇ ಪಟೇಲರ ಜೊತೆ ಮಾತು ಉದ್ದವಾಗಿ, ಪ್ರಾರ್ಥನೆಗೆ ತಡವಾಯ್ತು ಅಂತ ಬೇಗ ಬೇಗ ಹೆಜ್ಜೆ ಹಾಕಿಕೊಂಡು ಹೋಗುತ್ತಿದ್ದರು. 78 ವರ್ಷ. ಅವರನ್ನು ನಿಲ್ಲಿಸಿದ್ದು ಬಿ.ಪಿ. ಅಲ್ಲ.

ಇದನ್ನೆಲ್ಲ ಫೋನಲ್ಲಿ ತಾತನಿಗೆ ಹೇಳಿದೆ. ಅವರು ಉಳಿದದ್ದೆಲ್ಲ ಬಿಟ್ಟು ಹಿಡಿದುಕೊಂಡಿದ್ದು 1936ರ ಭಾಗ ಮಾತ್ರ. ಇಂಟರ್ನಲ್ಸ್ ಮುಗಿದ ಮೇಲೆ ತಾವೂ ನಂದಿಗೆ ಬರ್ತಾರಂತೆ, ಮೆಟ್ಟಿಲ ದಾರಿಯಲ್ಲೇ ಹತ್ತುತ್ತಾರಂತೆ. ಸಾವಿರಕ್ಕೂ ಜಾಸ್ತಿ ಮೆಟ್ಟಿಲಿದೆ ತಾತ ಅಂದೆ. ಹಿಂದಿನಿಂದ ಅಜ್ಜಿ ಫೋನ್ ಕಿತ್ತುಕೊಂಡು, ಮೊದಲು 1927ರ ಭಾಗ ಮಾಡಲಿ, ಒಂದೂವರೆ ತಿಂಗಳು ಕೂತು ತೋರಿಸಲಿ, ಆಮೇಲೆ ಮೆಟ್ಟಿಲ ಮಾತು ಅಂದರು.